ಕಣ್ಣು ಬಿಡಿಸುವ ಕೆಲಸ

ಆ ಮಧ್ಯಾಹ್ನ ಹಳ್ಳಿಯ ಕಡೆಯ ಅಕ್ಕ ತಮ್ಮ ಇಬ್ಬರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ ನಾನು ಮೊದಲು ನೋಡಿದ್ದು ಅಕ್ಕನ ಎಡಗಣ್ಣನ್ನು. ಅದು ನನ್ನ ಹಳೆಯ ಹ್ಯಾಬಿಟ್. ಯಾರ ಮುಖ ಕಂಡರೂ ಮೊದಲು ಕಣ್ಣು, ಆಮೇಲೆ ಮೂಗಿನ ನೆರಳು, ಕೊನೆಯಲ್ಲಿ ಮನುಷ್ಯರು. ಅವಳ ಎಡರೆಪ್ಪೆ ಮುಕ್ಕಾಲು ಪಾಲು ಇಳಿದುಬಿಟ್ಟಿತ್ತು. ಕೆಳಗೆ ಬಿಳಿಯ ಒಂದು ಗೆರೆ ಮಾತ್ರ ಉಳಿದಿತ್ತು. ಐವತ್ತೈದರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು. ತಮ್ಮನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಅಕ್ಕನ ಪಾಸ್‌ಪೋರ್ಟು.

"ಪಾಸ್‌ಪೋರ್ಟ್ ಫೋಟೋ ಒಂದು ಬೇಕಾಗಿತ್ತು ಅಮ್ಮಾವ್ರೆ," ಅಂದ ತಮ್ಮ.

ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಯಿತು, ನಮ್ಮೆಜಮಾನರು ಹೋದ ಮೇಲೆ ಕ್ಯಾಮೆರಾಗಳನ್ನೂ ಕೊಟ್ಟುಬಿಟ್ಟೆ, ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಸುತ್ತ ಬೇಕಾದಷ್ಟು ಅಂಗಡಿಗಳಿವೆ, ಅಲ್ಲಿ ಹೋಗಿ ಎಂದೆ.

"ಅಂಗ್ಡೀದೆಲ್ಲ ಆಯ್ತು. ಹುಣಸೂರಲ್ಲಿ ತಗುಸ್ದೋ, ವಾಪಸ್ ಬಂತು. ನಾನೇ ಮನೇಲಿ ಫೋನಲ್ಲಿ ತಗುದ್ ಕಳುಸ್ದೆ, ಅದೂ ವಾಪಸ್ ಬಂತು. ಮೂರ್ನೇ ಸತಿ ವಾಪಸ್ ಬಂದ್ರೆ ಅರ್ಜೀನೇ ಬಿದ್ದೋಯ್ತದಂತೆ. ಮನೇಲೇ ತಗೀರಿ, ಫೋನಲ್ಲೇ ತಗೀರಿ, ಆದ್ರೆ ತಿದ್ದಕ್ ಮಾತ್ರ ಹೋಗ್ಬ್ಯಾಡಿ ಅಂದವ್ನೆ ವೀಸಾ ಏಜೆಂಟು."

ಕೂರಿಸಿ ನೀರು ಕೊಟ್ಟು ಕೇಳಿದ ಮೇಲೆ ವಿಷಯ ಪೂರ್ತಿ ಗೊತ್ತಾಯಿತು. ಅಕ್ಕನಿಗೆ ಗಂಡ ಇಲ್ಲ. ಒಬ್ಬಳೇ ಮಗಳು, ಗಲ್ಫಿನ ಒಂದು ಊರಿನಲ್ಲಿ ಸ್ಟಾಫ್ ನರ್ಸ್. ಎಂಟು ದಿನದ ಹಿಂದೆ ಡ್ಯೂಟಿಯಲ್ಲಿದ್ದಾಗಲೇ ಕುಸಿದು ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ, ವೆಂಟಿಲೇಟರ್ ಮೇಲೆ ಇಟ್ಟಿದ್ದಾರೆ. ಅವಳ ರೂಮಿನಲ್ಲಿದ್ದ ಕೇರಳದ ನರ್ಸ್ ಹುಡುಗಿ ಅಲ್ಲಿಂದಲೇ ಓಡಾಡಿ ತಾಯಿಗೆ ವಿಸಿಟ್ ವೀಸಾದ ವ್ಯವಸ್ಥೆ ಮಾಡಿದ್ದಾಳೆ. ಕೆಲಸಕ್ಕೆ ಸೇರಿದ ವರ್ಷ ಮಗಳೇ ಹಠ ಮಾಡಿ ತಾಯಿಗೆ ಪಾಸ್‌ಪೋರ್ಟ್ ಮಾಡಿಸಿದ್ದಳಂತೆ, ಒಂದು ಸಲ ಕರೆಸಿಕೊಂಡು ಸಮುದ್ರ ತೋರಿಸುತ್ತೇನೆ ಎಂದು. ಆ ಪಾಸ್‌ಪೋರ್ಟಿನ ಫೋಟೋದಲ್ಲಿ ಎರಡು ಕಣ್ಣೂ ತೆರೆದಿವೆ. ರೆಪ್ಪೆ ಇಳಿಯತೊಡಗಿದ್ದು ಈಚೆಗೆ, ವರ್ಷದಿಂದ. ವೀಸಾಕ್ಕೆ ಹೊಸ ಫೋಟೋ ಬೇಕು. ಹಿನ್ನೆಲೆ ಬಿಳಿ ಇರಬೇಕು, ಕಿವಿ ಕಾಣಬೇಕು, ನಗಬಾರದು, ನೆರಳು ಬೀಳಬಾರದು, ಎರಡು ಕಣ್ಣೂ ತೆರೆದಿರಬೇಕು. ಉಳಿದ ಕಾಗದವೆಲ್ಲ ತಯಾರಿದ್ದು ಈ ಒಂದು ಫೋಟೋಗೆ ಎಲ್ಲವೂ ನಿಂತಿತ್ತು. ನಾಳೆ ಮಧ್ಯಾಹ್ನದೊಳಗೆ ಕಳಿಸಬೇಕು ಎಂದು ಏಜೆಂಟ್ ಹೇಳಿದ್ದ.

ಆಗ ಅಕ್ಕ ಲೋಟ ಕೆಳಗಿಟ್ಟು ಹೇಳಿದಳು: "ನಮ್ಮಪ್ಪ ಹೋದಾಗ ನೀವೇ ಅಲ್ವರಾ ಕಣ್ಣು ಬುಡಿಸ್ಕೊಟ್ಟಿದ್ದು. ನಂಗೂ ಬುಡಿಸ್ಕೊಡಿ."

ಈ ಮಾತನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದು ಯಜಮಾನರ ಕೆಲಸ, ರೀಟಚಿಂಗ್, ಅಂದರೆ ತಿದ್ದುವುದು, ನನ್ನದು. ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡು, ಬದುಕಿದ್ದಾಗಿನ ಒಂದು ಫೋಟೋನೂ ಇಲ್ಲದಿದ್ದರೆ ನಮಗೆ ಹೇಳಿ ಕಳಿಸುತ್ತಿದ್ದರು. ಅದರಲ್ಲೂ ಶಿವಭಕ್ತರ ಮನೆಗಳಲ್ಲಿ ದೇಹವನ್ನು ಕೂರಿಸಿಯೇ ಮಣ್ಣಿಗೆ ಕೊಡುವುದು ವಾಡಿಕೆ. ಗೋಡೆಗೆ ಒರಗಿಸಿ, ಹಿಂದೆ ಬಿಳಿ ಪಂಚೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿರುವಾಗ ಯಜಮಾನರು ಹೋಗಿ ಫೋಟೋ ತೆಗೆದು ತರುವರು. ಪ್ರಿಂಟ್ ನನ್ನ ಮೇಜಿಗೆ ಬರುವುದು. ಮುಚ್ಚಿದ ರೆಪ್ಪೆಯನ್ನು ಬ್ಲೇಡಿನ ತುದಿಯಿಂದ ಪೇಪರು ಹರಿಯದ ಹಾಗೆ ಕೆರೆದು, ಸೊನ್ನೆ ನಂಬರಿನ ಬ್ರಷ್ಷಿನಲ್ಲಿ ಕಣ್ಣು ಬರೆಯುವುದು. ಬಿಳಿ, ಕಪ್ಪು, ಕಪ್ಪಿನ ಸುತ್ತ ಕಂದು, ಕೊನೆಗೆ ಬೆಳಕಿನ ಒಂದು ಚುಕ್ಕೆ. ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಎರಡು ಕಣ್ಣಲ್ಲೂ ಒಂದೇ ಕಡೆ. ಕ್ಯಾಚ್‌ಲೈಟ್ ಅನ್ನುತ್ತಾರೆ ಅದಕ್ಕೆ. ಅಷ್ಟು ಬಿದ್ದ ಕೂಡಲೇ ಸತ್ತವರು ನಮ್ಮನ್ನು ನೋಡತೊಡಗುತ್ತಿದ್ದರು. ಇದನ್ನೇ ಹಳ್ಳಿಯವರು ಕಣ್ಣು ಬಿಡಿಸೋದು ಅನ್ನುತ್ತಿದ್ದದ್ದು. ಬಿಡಿಸುವುದೆಂದರೆ ಚಿತ್ರ ಬರೆಯುವುದೂ ಹೌದು, ತೆರೆಸುವುದೂ ಹೌದು. ನಮ್ಮ ಭಾಷೆ ಎರಡಕ್ಕೂ ಒಂದೇ ಪದ ಇಟ್ಟಿದೆ. ಆ ಒಂದು ಪದದ ಮೇಲೆ ನಾನು ಎಷ್ಟೋ ವರ್ಷ ಜೀವನ ಮಾಡಿದೆ.

ಹೇಳಿಕೊಳ್ಳಲು ಈಗ ನಾಚಿಕೆ ಏನಿಲ್ಲ. ಆ ಕಣ್ಣುಗಳೆಲ್ಲ ಒಂದೇ ಜೊತೆ. ಮೈಸೂರಿನ ಕಾನ್ವೆಂಟಿನಲ್ಲಿ ಡ್ರಾಯಿಂಗ್ ಸಿಸ್ಟರ್ ಬೋರ್ಡಿನ ಮೇಲೆ ಬರೆದು ಕಲಿಸಿದ ಕಣ್ಣು ಅದು. "ಆಲ್ಮಂಡ್ ಶೇಪ್, ಗರ್ಲ್ಸ್," ಅನ್ನುತ್ತಿದ್ದರು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ. ಸತ್ತವರ ಕಣ್ಣು ಹೇಗಿತ್ತು ಎಂದು ಮನೆಯವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಈ ತಾಲ್ಲೂಕಿನ ಎಷ್ಟು ಮನೆಗಳ ಗೋಡೆಯ ಮೇಲೆ ಸಿಸ್ಟರ್ ಕಲಿಸಿದ ಆ ಒಂದೇ ಕಣ್ಣು ಕೂತಿದೆಯೋ, ಗಾಡ್ ನೋಸ್.

ವಾಪಸ್ ಬಂದ ಎರಡು ಫೋಟೋಗಳನ್ನು ತಮ್ಮನ ಫೋನಿನಲ್ಲಿ ನೋಡಿದೆ. ಅಂಗಡಿಯಲ್ಲಿ ತೆಗೆದದ್ದರಲ್ಲಿ ಎರಡು ಕಣ್ಣೂ ಚೆನ್ನಾಗಿ ತೆರೆದಿದ್ದವು. ದೊಡ್ಡದು ಮಾಡಿ ನೋಡಿದರೆ ಗುಟ್ಟು ಬಯಲಾಯಿತು. ಬಲಗಣ್ಣನ್ನೇ ಕಾಪಿ ಮಾಡಿ, ಮಗುಚಿ, ಎಡಕ್ಕೆ ಅಂಟಿಸಿದ್ದರು. ಬಲಗಣ್ಣಿನಲ್ಲಿ ಬೆಳಕಿನ ಚುಕ್ಕೆ ಹತ್ತು ಗಂಟೆಗಿದ್ದರೆ ಎಡಗಣ್ಣಿನಲ್ಲಿ ಎರಡು ಗಂಟೆಗೆ ಹೋಗಿ ಕೂತಿತ್ತು. ಮನುಷ್ಯರ ಮುಖದ ಮೇಲೆ ಎರಡು ಸೂರ್ಯ ಹುಟ್ಟಿದ ಹಾಗೆ. ತಮ್ಮ ತೆಗೆದದ್ದು ಬಾಗಿಲಿಗೆ ಒರಗಿಸಿ ನಿಲ್ಲಿಸಿದ್ದು. ಫೋನನ್ನು ಮುಖದ ಹತ್ತಿರ ಹಿಡಿದಿದ್ದರಿಂದ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಕತ್ತಿನ ಹಿಂದೆ ದಪ್ಪ ನೆರಳು ಬಿದ್ದಿತ್ತು.

ನಮ್ಮ ಈಗಿನ ಹಾಲ್ ಮೊದಲು ಸ್ಟುಡಿಯೋ ಆಗಿದ್ದ ಕೋಣೆಯೇ. ಉತ್ತರಕ್ಕೆ ದೊಡ್ಡ ಕಿಟಕಿ ಇದೆ, ಬಿಸಿಲು ನೇರವಾಗಿ ಬೀಳುವುದಿಲ್ಲ. ಯಜಮಾನರ ಒಂದು ಬಿಳಿ ಪಂಚೆ ತೆಗೆದು, ನೀರು ಚಿಮುಕಿಸಿ ಐರನ್ ಮಾಡಿ, ಗೋಡೆಯ ಮೊಳೆಗಳಿಗೆ ಬಿಗಿಯಾಗಿ ಕಟ್ಟಿದೆ. ಬಟ್ಟೆಯಿಂದ ಮೂರು ಅಡಿ ಮುಂದಕ್ಕೆ ಸ್ಟೂಲ್ ಹಾಕಿದೆ. ಗೋಡೆಗೆ ಅಂಟಿ ಕೂತರೆ ನೆರಳು ಬಟ್ಟೆಯ ಮೇಲೆ ಬೀಳುತ್ತದೆ. ಕಿಟಕಿ ಅವಳ ಮುಖದ ಎದುರಿಗೆ ಬರುವ ಹಾಗೆ ಸ್ಟೂಲ್ ತಿರುಗಿಸಿ, ಎಡಗಡೆಗೆ ಒಂದು ಬಿಳಿ ಥರ್ಮಕೋಲ್ ಹಲಗೆ ನಿಲ್ಲಿಸಿದೆ, ಆ ಕಡೆಗೂ ಒಂದಿಷ್ಟು ಬೆಳಕು ತಿರುಗಲಿ ಎಂದು. ತಮ್ಮನ ಫೋನನ್ನು ಐದು ಅಡಿ ದೂರದಲ್ಲಿ, ಪುಸ್ತಕಗಳ ಮೇಲೆ ಅವಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಇಟ್ಟೆ. ಹಿಂದಿನ ಕ್ಯಾಮೆರಾ, ಫ್ಲ್ಯಾಶ್ ಇಲ್ಲ. ಮುಖವನ್ನು ತಾನಾಗಿ ನುಣ್ಣಗೆ ಮಾಡುವ ಬ್ಯೂಟಿ ಅನ್ನುವುದೊಂದು ಆನ್ ಆಗಿತ್ತು, ಆಫ್ ಮಾಡಿದೆ. ನಾನು ತಿಂಗಳುಗಟ್ಟಲೆ ನೆಗೆಟಿವ್ ಮೇಲೆ ಪೆನ್ಸಿಲ್ ಮೊನೆಯಲ್ಲಿ ಕಲಿತದ್ದನ್ನು ಅದು ಯಾರೂ ಕೇಳದೆ ಮಾಡಿಬಿಡುತ್ತದೆ.

ಸೆರಗು ತೆಗೆಸಿ ಕಿವಿ ಕಾಣುವ ಹಾಗೆ ಮಾಡಿದೆ. ವಿಭೂತಿ ಬೆಳಕಿಗೆ ಸುಣ್ಣದ ಗೋಡೆಯಂತೆ ಹೊಳೆಯುತ್ತಿತ್ತು.

"ಸ್ವಲ್ಪ ತೆಳುವಾಗಿ ಒರೆಸಿಕೊಳ್ಳಮ್ಮ."

"ಇಬೂತಿ ಒರ್ಸದಾ," ಅಂದಳು. ಆಮೇಲೆ ತಾನೇ ಬೆರಳಿನಿಂದ ಒತ್ತಿ ತೆಳು ಮಾಡಿಕೊಂಡಳು. ಪೂರ್ತಿ ಒರೆಸಲಿಲ್ಲ.

ಅವಳು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಾಗ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಬಂದ.

"ಅಕ್ಕಾ, ಮ್ಯಾಕೇಳು. ಬ್ಯಾಡ ಇದು." ನನ್ನ ಕಡೆ ತಿರುಗಿ, "ಮಗ್ಳು ಅಲ್ಲಿ ಅಂಗೆ ಮಲಗವ್ಳೆ. ಇವ್ಳುನ್ನ ಬಿಳೀ ಬಟ್ಟೆ ಕಟ್ಟಿ, ಇಬೂತಿ ಇಟ್ಟು ಕೂರ್ಸಿದೀರಲ್ಲ. ನಮ್ಮಪ್ಪುನ್ನ ಕೂರ್ಸಿದ್ದೂ ಇಂಗೇಯ. ನೋಡಕಾಯ್ತದಾ," ಅಂದ.

ಎಂದೂ ಸ್ಥಳಕ್ಕೆ ಹೋಗದೆ ಪ್ರಿಂಟುಗಳನ್ನು ಮಾತ್ರ ನೋಡಿದ ನನಗೂ ಅದೇ ಕಾಣುತ್ತಿತ್ತು.

"ಕೂತಿರೋಳು ನಾನು ಕಣ್ಲಾ. ಉಸ್ರಾಡ್ತಾ ಇವ್ನಿ," ಅಂದಳು ಅಕ್ಕ. "ನೋಡಕಾಗ್ದಿದ್ರೆ ಆಚೆಗೋಗು. ತಗೀರಿ ಅಮ್ಮಾವ್ರೆ."

ತೆಗೆದೆ. ಬೆಳಕು ಸರಿ, ಬಿಳಿ ಸರಿ, ಕಿವಿ ಸರಿ. ರೆಪ್ಪೆ ಏಳಲಿಲ್ಲ. ಕಣ್ಣು ಬಿಡಲು ಪ್ರಯತ್ನ ಮಾಡಿದಾಗಲೆಲ್ಲ ಹುಬ್ಬು ಮೇಲೆ ಹೋಗಿ, ಹಣೆ ನೆರಿಗೆ ಕಟ್ಟಿ, ಬಾಯಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. ಗಲ್ಲ ಸ್ವಲ್ಪ ಎತ್ತಿಸಿ ನೋಡಿದೆ, ಮೂಗಿನ ಹೊಳ್ಳೆಗಳು ಕಂಡವು. ಇಪ್ಪತ್ತು ಇಪ್ಪತ್ತೈದು ಸಲ ಕ್ಲಿಕ್ ಮಾಡಿರಬೇಕು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕೇರಳದ ಹುಡುಗಿಯ ಮೆಸೇಜು, ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ ಬಾರದು, ಇವರಿಬ್ಬರಿಗೆ ಇಂಗ್ಲಿಷ್ ಓದಲು ಬಾರದು. ಊರಿನಲ್ಲಿ ಯಾರ ಕೈಯಲ್ಲೋ ಓದಿಸಿಕೊಳ್ಳುತ್ತಿದ್ದರಂತೆ. ಈಗ ನಾನು ಓದಿ ಹೇಳಿದೆ: ಸೇಮ್ ಕಂಡಿಷನ್, ನೋ ಚೇಂಜ್.

"ಅಂಗಂದ್ರೆ?"

"ಹಾಗೇ ಇದ್ದಾಳಂತೆ."

ಅವಳು ಅಳಲು ಶುರು ಮಾಡಿದಳು. ಅವತ್ತಿನ ಮಟ್ಟಿಗೆ ಕಣ್ಣಿನ ಕತೆ ಮುಗಿಯಿತು. ರೆಪ್ಪೆಗಳೆರಡೂ ಊದಿಕೊಂಡವು.

ಸಂಜೆಯಾಗುತ್ತ ಬಂತು. ತಮ್ಮ ಫೋನು ತೋರಿಸಿದ. "ಇದ್ರಲ್ಲೇ ಬುಡಿಸ್ಬೋದಂತಲ್ಲ ಅಮ್ಮಾವ್ರೆ. ಒಂದು ಒತ್ತುದ್ರೆ ಸಾಕಂತೆ. ತಿದ್ದುದ್ದು ಗೊತ್ತಾಗ್ದಂಗೆ ಮಾಡಕ್ಕೆ ನಿಮ್ಗಿಂತ ಯಾರವ್ರೆ."

ನಾನು ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಟು ಬಿ ಆನೆಸ್ಟ್, ನನಗೆ ಆಸೆಯಾಯಿತು. ಚಾಳೀಸು ಹಾಕಿಕೊಂಡು, ಒಂದು ತಾಸು ಆ ಸಣ್ಣ ಪರದೆಯ ಮೇಲೆ ಬೆರಳಾಡಿಸಿದೆ. ಆಗ ತೆಗೆದದ್ದರಲ್ಲಿ ಒಂದನ್ನು ಆರಿಸಿ, ಬಲಗಣ್ಣನ್ನು ಎತ್ತಿ ಮಗುಚಿ ಎಡಕ್ಕೆ ಇಟ್ಟು, ರೆಪ್ಪೆಯ ಅಂಚನ್ನು ಮೆದು ಮಾಡಿ, ಹುಬ್ಬಿಗೆ ಹೊಂದಿಸಿದೆ. ಅಂಗಡಿಯವರು ಮಾಡಿದ ತಪ್ಪನ್ನು ನಾನು ಮಾಡಲಿಲ್ಲ. ಬೆಳಕಿನ ಚುಕ್ಕೆಯನ್ನು ಅಳಿಸಿ ಹತ್ತು ಗಂಟೆಗೆ ತಂದು ಕೂರಿಸಿದೆ. ಮೂಲೆಯಲ್ಲಿ ಒಂದು ಕೂದಲೆಳೆಯಷ್ಟು ಕೆಂಪು ಕೂಡ ಬಿಟ್ಟೆ, ಅತ್ತ ಕಣ್ಣಿನಲ್ಲಿ ಇರುವಂಥದ್ದು. ತಿದ್ದಿದ ಗುಟ್ಟು ಯಾವ ಕಂಪ್ಯೂಟರಿಗೂ ಸಿಗಲಾರದು ಅನ್ನಿಸಿತು. ವರ್ಷಗಳ ಮೇಲೆ ಕೈ ನಡುಗದೆ ಒಂದು ಕೆಲಸ ಮಾಡಿದ್ದೆ. ಐ ವಾಸ್ ಪ್ಲೀಸ್ಡ್ ವಿತ್ ಮೈಸೆಲ್ಫ್.

ಅಕ್ಕನ ಕೈಗೆ ಕೊಟ್ಟೆ. ಅವಳು ಫೋನನ್ನು ದೂರ ಹಿಡಿದು, ಹತ್ತಿರ ತಂದು, ತುಂಬ ಹೊತ್ತು ನೋಡಿದಳು.

"ಚೆಂದಾಗದೆ," ಅಂದಳು. "ನಮ್ಮಪ್ಪಂದೂ ಚೆಂದಾಗೇ ಇತ್ತು."

ಆಮೇಲೆ, ಯಾವ ದೂರೂ ಇಲ್ಲದ ದನಿಯಲ್ಲಿ, "ನಮ್ಮಪ್ಪಂಗೆ ಮೆಳ್ಳಗಣ್ಣು ಕಣವ್ವ. ನೀವು ನೆಟ್ಟಗೆ ಬುಡಿಸ್ಕೊಟ್ರಿ. ಅವ್ವ ನೋಡಿ, ಇದ್ಯಾರ್ಲಾ ಇವ್ನು ಅಂದ್ಲು," ಎಂದಳು.

ತಮ್ಮ ನಕ್ಕುಬಿಟ್ಟ. ಆ ಎರಡು ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ. "ಊಂ ಕನ್ರೀ. ಬೇರೆ ಯಾರ್ದೋ ಫೋಟೋ ಕೊಟ್ಟವ್ರೆ, ಬದ್ಲಾಯಿಸ್ಕಂಡ್ ಬಾ ಅಂತ ನನ್ನುನ್ನ ಬಸ್ ಅತ್ತುಸಿದ್ಲು. ನಾನು ಸ್ಟುಡಿಯೋ ಬಾಗ್ಲುಗಂಟ ಬಂದು, ನಿಮ್ಮೆಜಮಾನ್ರು ಮಕ ನೋಡಿ ಎದ್ರುಕಂಡು ವಾಪಸ್ ವೋದೆ."

"ಆಮೇಲೆ ಏನು ಮಾಡಿದಿರಿ?"

"ಏನ್ಮಾಡದು, ಗ್ವಾಡೆಗಾಕುದ್ವಿ," ಅಂದಳು ಅಕ್ಕ. "ಈಗ ಅಪ್ಪ ಅಂತ ನೆನೆಸ್ಕಂಡ್ರೆ ನೆಟ್ಟಗಣ್ಣೇ ಬತ್ತದೆ. ಮೆಳ್ಳಗಣ್ಣು ಎಂಗಿತ್ತು ಅಂತ ಎಷ್ಟು ಯೋಚ್ನೆ ಮಾಡುದ್ರೂ ಬರದೇ ಇಲ್ಲ."

ಅವಳು ಅದನ್ನು ಸುಮ್ಮನೆ ಹೇಳಿದ್ದಳು. ನಾನು ಫೋನ್ ತೆಗೆದುಕೊಂಡು ಆ ಫೋಟೋ ಅಳಿಸಿಹಾಕಿದೆ. ತಮ್ಮನಿಗೆ ಮಾತ್ರ ಬೇರೆ ಕಾರಣ ಹೇಳಿದೆ: ಇಲ್ಲಿ ಪಾಸಾದರೂ ಅಲ್ಲಿ ಇಳಿದ ಕೂಡಲೇ ಆಫೀಸರು ಫೋಟೋ ಹಿಡಿದು ಮುಖ ನೋಡುತ್ತಾನೆ, ಇದು ಎಂದೂ ಇರದಿದ್ದ ಮುಖ. ಅದೂ ಸುಳ್ಳಲ್ಲ.

"ಅಂಗಾರೆ ಏನ್ಮಾಡಾಣ," ಅಂದ ಅವನು. ಸುಮ್ಮನೆ ಕೇಳಬೇಕೆಂದು ಅಕ್ಕನನ್ನು ಕೇಳಿದೆ, "ಬೆಳಿಗ್ಗೆ ಎದ್ದಾಗಲೂ ಹೀಗೇ ಇರುತ್ತೇನಮ್ಮ ಇದು?"

"ಇಲ್ಲ ಕಣವ್ವ. ಚೆಂದಾಗ್ ನಿದ್ದೆ ಮಾಡಿ ಎದ್ರೆ ಎರಡೂ ಒಂದೇ ಸಮ ಇರ್ತವೆ. ಹೊಲ್ದಲ್ಲಿ ಹೊಗೆಸೊಪ್ಪು ಬುಡುಸ್ಕೊಂಡು ಹೊತ್ತು ಏರ್ತಾ ಏರ್ತಾ ಇಳೀತದೆ. ಮೈಸೂರು ಡಾಕ್ಟ್ರು ನರ ಸೋತದೆ ಅಂತ ಮಾತ್ರೆ ಕೊಟ್ಟಿದ್ರು. ಈಗ ಎಂಟು ದಿನದಿಂದ ನಿದ್ದೆ ಎಲ್ಲಿ ಬತ್ತದೆ."

ಅಷ್ಟು ಹೊತ್ತೂ ನಾನು ಬೆಳಕಿಗೆ ಒದ್ದಾಡುತ್ತಿದ್ದೆ. ಬೇಕಾಗಿದ್ದದ್ದು ನಿದ್ದೆ. ಇವತ್ತು ಇಲ್ಲೇ ಇದ್ದುಬಿಡಿ, ಬೆಳಿಗ್ಗೆ ಎದ್ದ ಕೂಡಲೇ ತೆಗೆಯೋಣ ಎಂದೆ. ಅನ್ನ ಸಾರು ಮಾಡಿ ಹಾಕಿದೆ. ಅವಳು ಎರಡು ತುತ್ತು ತಿಂದಳು.

ಬೆಳಿಗ್ಗೆ ಆರೂವರೆಗೆ ನೋಡಿದರೆ ರೆಪ್ಪೆ ಅರ್ಧಕ್ಕೆ ನಿಂತಿತ್ತು. ರಾತ್ರಿಯೆಲ್ಲ ಫೋನು ಟಿಣ್ ಅನ್ನುವುದನ್ನು ಕಾಯುತ್ತ ಕೂತಿದ್ದಳಂತೆ. ಮಧ್ಯಾಹ್ನದ ಗಡುವಿಗೆ ಇನ್ನು ಐದೂವರೆ ಗಂಟೆ.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಫೋನನ್ನು ನನ್ನ ಕೈಗೆ ತೆಗೆದುಕೊಂಡೆ. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿ ಮುಚ್ಚಿ, ಮಡಕೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಎರಡು ಕಣ್ಣುಗಳ ಮೇಲೂ ಹಾಕಿದೆ. ದಿನವಿಡೀ ನೆಗೆಟಿವ್ ನೋಡಿ ಕಣ್ಣು ಉರಿದಾಗ ನಾನು ಮಾಡಿಕೊಳ್ಳುತ್ತಿದ್ದ ಉಪಚಾರ ಅದು.

"ಫೋನ್ ಬಂದ್ರೆ ಯೇಳ್ತೀರಾ?" ಎಂದಳು ಬಟ್ಟೆಯ ಕೆಳಗಿನಿಂದ.

"ಹೇಳ್ತೀನಿ."

"ಏನೇ ಬಂದ್ರೂವೆ?"

"ಏನೇ ಬಂದರೂ ಹೇಳ್ತೀನಮ್ಮ. ಮಲಕ್ಕೋ."

ಮಂಚದ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಿದ್ದೆ. ಸೊಪ್ಪಿನ ಕರೆ ಹತ್ತಿ ಕಪ್ಪಾದ ಬೆರಳುಗಳು. ಮಗಳು ಸಣ್ಣವಳಿದ್ದಾಗ ಇಂಜೆಕ್ಷನ್ನಿಗೆ ಹೆದರಿ ಆಸ್ಪತ್ರೆಯಿಂದ ಓಡಿಹೋದ ಕತೆ ಹೇಳುತ್ತ, ಮಾತಿನ ಮಧ್ಯದಲ್ಲೇ ನಿದ್ದೆ ಹೋದಳು. ನಾನು ಕೈ ಬಿಡಿಸಿಕೊಂಡು ಹಾಲಿಗೆ ಬಂದೆ. ತಮ್ಮ ಹೊರಗೆ ಮೆಟ್ಟಿಲ ಮೇಲೆ ಬೀಡಿ ಸೇದುತ್ತಿದ್ದ. ಫೋನನ್ನು ಸೈಲೆಂಟ್ ಮಾಡಿ ಮಡಿಲಲ್ಲಿಟ್ಟುಕೊಂಡೆ. ಅವಳು ಕಮ್ಮಿಯೆಂದರೆ ಎರಡು ಗಂಟೆ ಮಲಗಬೇಕು ಎಂದುಕೊಂಡಿದ್ದೆ.

ಅರ್ಧ ಗಂಟೆಯಾಗಿರಬಹುದು. ಪರದೆ ಬೆಳಗಿತು. ಬಿ.ಪಿ. ಫಾಲಿಂಗ್ ಸಿನ್ಸ್ ಮಿಡ್‌ನೈಟ್. ಅದರ ಕೆಳಗೆ ಇನ್ನೊಂದು: ಮೈ ಡ್ಯೂಟಿ ವಿಲ್ ಬಿ ಓವರ್ ಸೂನ್. ಇಫ್ ಅಮ್ಮ ವಾಂಟ್ಸ್ ಟು ಟಾಕ್, ಐ ವಿಲ್ ಕೀಪ್ ಫೋನ್ ನಿಯರ್ ಹರ್ ಇಯರ್. ಓನ್ಲಿ ನೌ.

ಎರಡು ಸಲ ಓದಿದೆ. ಒಳಕೋಣೆಯ ಬಾಗಿಲವರೆಗೆ ಹೋದೆ. ಅವಳು ಬಾಯಿ ತುಸು ತೆರೆದು, ಮಗುವಿನ ಹಾಗೆ ಮಲಗಿದ್ದಳು. ಎಬ್ಬಿಸಿದರೆ ಮಗಳ ಕಿವಿಗೆ ನಾಲ್ಕು ಮಾತು ಹೇಳುತ್ತಾಳೆ. ಆ ಕಿವಿಗೆ ಕೇಳುತ್ತದೋ ಇಲ್ಲವೋ. ಆಮೇಲೆ ಅಳುತ್ತಾಳೆ, ಕಣ್ಣು ಊದುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಮಧ್ಯಾಹ್ನದೊಳಗೆ ಫೋಟೋ ಇಲ್ಲ. ಫೋಟೋ ಇಲ್ಲದಿದ್ದರೆ ಹೋಗುವುದೂ ಇಲ್ಲ. ಎಬ್ಬಿಸದಿದ್ದರೆ, ಇವಳು ವಿಮಾನ ಹತ್ತುವ ಮೊದಲೇ ಅಲ್ಲಿ ಎಲ್ಲ ಮುಗಿದುಹೋದರೆ, ಆ ನಾಲ್ಕು ಮಾತೂ ಇಲ್ಲ. ತಮ್ಮನನ್ನು ಕೇಳಬಹುದಾಗಿತ್ತು. ಬಾಗಿಲಾಚೆ ಹತ್ತು ಹೆಜ್ಜೆಯಲ್ಲಿ ಅವನು ಕೂತಿದ್ದ. ಕೇಳಿದರೆ ಎಬ್ಬಿಸಿ ಅನ್ನುತ್ತಾನೆಂದು ಗೊತ್ತಿದ್ದೇ ಕೇಳಲಿಲ್ಲ.

ಮದರ್ ಈಸ್ ಸ್ಲೀಪಿಂಗ್, ಎಂದು ಬೆರಳಿನಿಂದ ಒತ್ತಿ ಕಳಿಸಿದೆ. ಓಕೆ, ಎಂದು ಬಂತು.

ಅಲ್ಲಿಂದ ಮುಂದೆ ಒಂದೂವರೆ ಗಂಟೆ ನಾನು ಕುರ್ಚಿಯಿಂದ ಏಳಲಿಲ್ಲ. ನಡುವೆ ಎರಡು ಸಲ ಎದ್ದುಹೋಗಿ ಅವಳ ಕಣ್ಣ ಮೇಲಿನ ಒದ್ದೆ ಬಟ್ಟೆ ಬದಲಾಯಿಸಿದೆ ಅಷ್ಟೆ. ಹಿಂದಿನ ದಿನ ಒಂದು ಸುಳ್ಳು ಕಣ್ಣನ್ನು ಅಳಿಸಿ ಸಮಾಧಾನಪಟ್ಟವಳು, ಈಗ ಒಬ್ಬ ತಾಯಿಗೆ ಬಂದ ಸುದ್ದಿಯನ್ನೇ ಒತ್ತಿ ಹಿಡಿದು ಕೂತಿದ್ದೆ. ಫೋನು ಮತ್ತೆ ಬೆಳಗಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವ ಹಾಗಿರಲಿಲ್ಲ.

ಎಬ್ಬಿಸಿದೆ. ಬಟ್ಟೆ ತೆಗೆದಾಗ ಎರಡು ರೆಪ್ಪೆಗಳೂ ಒಟ್ಟಿಗೆ ಎದ್ದವು. ಎಡಗಡೆಯದು ಒಂದು ನೂಲಿನಷ್ಟು ಕೆಳಗಿತ್ತು, ಅಷ್ಟೆ. ಕಪ್ಪು ಪೂರ್ತಿ ಕಾಣುತ್ತಿತ್ತು.

"ಫೋನ್ ಬಂತಾ?"

"ಬಾ, ಮೊದಲು ಕೂತ್ಕೋ."

ಮಾತಾಡಿಸದೆ ನಡೆಸಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಎಲ್ಲವೂ ಹಿಂದಿನ ದಿನದಿಂದ ಹಾಗೇ ಇತ್ತು, ಥರ್ಮಕೋಲ್ ಹಲಗೆಯನ್ನು ಮಾತ್ರ ಒಂದು ಗೇಣು ಹತ್ತಿರಕ್ಕೆ ಎಳೆದೆ. ಕಣ್ಣು ಅಗಲ ಮಾಡಬೇಡ, ಕಿಟಕಿಯಾಚೆ ಇರುವ ಸೀಬೆ ಗಿಡ ನೋಡಿಕೊಂಡಿರು ಎಂದೆ. ಹುಬ್ಬು ಏಳಲಿಲ್ಲ, ಬಾಯಿ ಎಳೆಯಲಿಲ್ಲ. ಹನ್ನೊಂದು ತೆಗೆದೆ. ಒಂಬತ್ತನೆಯದು ಸರಿಯಾಗಿತ್ತು. ದೊಡ್ಡದು ಮಾಡಿ ನೋಡಿದೆ. ಎರಡು ಕಣ್ಣುಗಳಲ್ಲೂ ನಮ್ಮ ಉತ್ತರದ ಕಿಟಕಿ, ಹತ್ತು ಗಂಟೆಯ ಜಾಗದಲ್ಲಿ, ಯಾರೂ ಇಡದೆ ತಾನಾಗಿ ಬಂದು ಕೂತಿತ್ತು. ತಲೆಯ ಮೇಲೆ, ಭುಜದ ಕೆಳಗೆ ಅಳತೆಗೆ ಕತ್ತರಿಸಿದ್ದು ಬಿಟ್ಟರೆ ಬೇರೇನೂ ಮುಟ್ಟದೆ ಕಳಿಸಿದೆ.

ಮುಕ್ಕಾಲು ಗಂಟೆ ಕಳೆದ ಮೇಲೆ ಏಜೆಂಟ್ ಫೋನ್ ಮಾಡಿದ. ತಗೊಂಡಿದೆ, ಎರಡು ದಿನದಲ್ಲಿ ವೀಸಾ ಬರಬಹುದು ಎಂದ. ತಮ್ಮ ಎರಡು ಕೈಯನ್ನೂ ಎತ್ತಿ ಮುಗಿದ. ಆಮೇಲೆ ನಾನು ಮೆಸೇಜಿನ ವಿಷಯ ಹೇಳಿದೆ. ಬಂದ ಹೊತ್ತು, ಅದರಲ್ಲಿ ಇದ್ದದ್ದು, ನಾನು ಕೊಟ್ಟ ಉತ್ತರ, ಒಂದೂ ಬಿಡದೆ ಹೇಳಿದೆ.

ತಮ್ಮನ ಮುಖ ಕೆಂಪಾಯಿತು. "ನೀವ್ಯಾರ್ರೀ ಅದ್ನ ತೀರ್ಮಾನ ಮಾಡಕೆ? ಓದಿ ಯೇಳಿ ಅಂತ ಕೊಟ್ರೆ ಮಡುಗ್ಕಂಡ್ ಕೂತಿದೀರಲ್ಲ. ಅವ್ಳು ಹೆತ್ತೋಳು ಕನ್ರೀ."

ಅಕ್ಕ ಗೋಡೆಯ ಮೇಲಿನ ಬಿಳಿ ಪಂಚೆಯನ್ನೇ ನೋಡುತ್ತಿದ್ದಳು. ಅವಳು ಅಳಲಿಲ್ಲ.

"ಫೋಟೋ ಸರೋಯ್ತಲ್ಲ?" ಎಂದು ನನ್ನನ್ನು ಕೇಳಿದಳು.

"ಸರೋಯ್ತು."

"ಅಂಗಾರೆ ನಡೀಲಾ," ಎಂದು ತಮ್ಮನಿಗೆ ಹೇಳಿ ಎದ್ದಳು. ಒಲೆಯ ಮೇಲಿದ್ದ ಕಾಫಿಯನ್ನು ಕುಡಿಯದೆ ಇಬ್ಬರೂ ಹೋದರು. ಹಾಲಿನ ಗೋಡೆಯ ಮೇಲಿನ ಪಂಚೆಯನ್ನು ಬಿಚ್ಚಲು ನನಗೆ ಎರಡು ದಿನ ಮನಸ್ಸಾಗಲಿಲ್ಲ.

ವೀಸಾ ಬಂತೆಂದೂ, ಕಣ್ಣೂರಿನ ಏರ್‌ಪೋರ್ಟಿನಿಂದ ಹೋದಳೆಂದೂ ಅವರ ಊರಿನ ಕಡೆಯವರೊಬ್ಬರಿಂದ ತಿಳಿಯಿತು. ಮುಂದಿನದನ್ನು ನಾನಾಗಿ ವಿಚಾರಿಸಲಿಲ್ಲ. ಹೆದರಿಕೆ ಇತ್ತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಬ್ಬಳೇ ಬಂದಳು. ಸಂತೆಗೆ ಬಂದಿದ್ದೆ ಅಂದಳು. ಒಳಗೆ ಕೂರಲಿಲ್ಲ, ಮೆಟ್ಟಿಲ ಮೇಲೆಯೇ ಕೂತಳು. ನಾನೂ ಅವಳ ಪಕ್ಕ ಮಂಡಿ ಹಿಡಿದುಕೊಂಡು ಕೂತೆ. ಹೊತ್ತು ಇನ್ನೂ ಏರಿರಲಿಲ್ಲ. ಆದರೂ ರೆಪ್ಪೆ ಇಳಿದಿತ್ತು.

"ಅಲ್ಲಿಗಂಟ ಇದ್ಲು ಕಣವ್ವ," ಅಂದಳು. "ನಾನು ವೋದ್ಮೇಲೆ ಐದು ದಿನ ಇದ್ಲು. ಕೈ ಬೆಚ್ಚಗಿತ್ತು."

ನಾನು ಕೇಳಬೇಕಾದದ್ದನ್ನು ಕೇಳಿದೆ. "ಅವತ್ತು ಆ ಫೋನು... ಎಬ್ಬಿಸಬೇಕಾಗಿತ್ತು ಅನ್ನಿಸುತ್ತಾ ನಿನಗೆ?"

ಅವಳು ಬೀದಿ ನೋಡುತ್ತಲೇ ಹೇಳಿದಳು. "ಅವತ್ತು ಮಾತಾಡಿದ್ರೆ ಅವ್ಳಿಗೆ ಕೇಳ್ತಿತ್ತೋ ಏನೋ. ಆಮೇಲೆ ಕೇಳ್ನಿಲ್ಲ. ಎಷ್ಟು ಕೂಗುದ್ರೂ ಕೇಳ್ನಿಲ್ಲ. ಬುಡಿ." ಆ 'ಬುಡಿ'ಯಲ್ಲಿ ಕ್ಷಮೆ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಅವಳೇ ಹೇಳಿದಳು. ವಿಮಾನ ಇಳಿಯುವ ಹೊತ್ತಿಗೆ ಅವಳ ಕಣ್ಣು ಪೂರ್ತಿ ಮುಚ್ಚಿಹೋಗಿತ್ತಂತೆ. ಕೌಂಟರಿನಲ್ಲಿದ್ದ ಹುಡುಗ ಫೋಟೋ ನೋಡಿದ, ಮುಖ ನೋಡಿದ, ಪಕ್ಕದವನನ್ನು ಕರೆದ. ಅವರ ಮಾತು ಇವಳಿಗೆ ತಿಳಿಯದು. ಕೊನೆಗೆ ಇವಳೇ ಬೆರಳಿನಿಂದ ರೆಪ್ಪೆಯನ್ನು ಎತ್ತಿ ಹಿಡಿದು, ನೋಡಪ್ಪ ನಾನೇ, ಅಂದಳಂತೆ. ಅವನು ಮುದ್ರೆ ಒತ್ತಿದ.

"ಆಸ್ಪತ್ರೇಲಿ ಬೆಳಿಗ್ಗೆ ಹತ್ ನಿಮ್ಸ, ಸಂಜೆ ಹತ್ ನಿಮ್ಸ, ಅಷ್ಟೇಯ ಬುಡೋರು," ಅಂದಳು. "ಅವ್ಳು ಕಣ್ಣು ಬುಡ್ನಿಲ್ಲ ಕಣವ್ವ. ನಾನು ಒಂದ್ ಕೈಲಿ ಅವ್ಳ ಕೈ ಇಡ್ಕಂಡು, ಇನ್ನೊಂದ್ ಕೈ ಬೆಳ್ಳಲ್ಲಿ ನನ್ ರೆಪ್ಪೆ ಎತ್ತಿಡ್ಕಂಡಿರ್ತಿದ್ದೆ. ಒಂದ್ ಕಣ್ಣಲ್ಲಿ ನೋಡುದ್ರೆ ಸಾಲ್ದು ಅನ್ನುಸ್ತು. ಹತ್ ನಿಮ್ಸನೂ ಬೆಳ್ಳು ಇಳುಸ್ನಿಲ್ಲ."